ಹೋಲಿಕೆಯ ಗುರುತು ಎಲ್ಲಿ ಕೂರುತ್ತದೆ?

ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಬೆಳೆಗಾರರು ಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ನಿಂತು ‘ಹೋದ ಸಲಕ್ಕಿಂತ ಈ ಸಲ ಸೊಪ್ಪು ಬೇಗ ಒಣಗ್ತು’ ಅನ್ನುವುದುಂಟು. ಇಲ್ಲಿ ‘ಬೇಗ’ ಇದ್ದ ಹಾಗೇ ಇದೆ. ಹೋಲಿಕೆಯ ಹೊಣೆಯೆಲ್ಲ ‘ಸಲಕ್ಕೆ’ಗೆ ಅಂಟಿದ ‘ಇಂತ’ದ್ದು. ಯಾವುದರೊಂದಿಗೆ ಹೋಲಿಸುತ್ತೇವೋ ಅದರ ಮೇಲೆ ಕನ್ನಡ ಗುರುತು ಹಾಕುತ್ತದೆ. ಎಲ್ಲರನ್ನೂ ಮೀರಿಸಿದರೂ ಅದೇ ದಾರಿ: ‘ಎಲ್ಲರಿಗಿಂತ ಬೇಗ’.

ಇಂಗ್ಲಿಷ್ ಎರಡು ಕಡೆ ಗುರುತು ಹಾಕುತ್ತದೆ. ‘ಫಾಸ್ಟ್’ ಹೋಗಿ ‘ಫಾಸ್ಟರ್’ ಆಗಬೇಕು, ಜೊತೆಗೆ ‘ದ್ಯಾನ್’ ಬರಬೇಕು. ‘ಸ್ಲೋಲಿ’ಯಂಥ ಪದಗಳಿಗೆ ಮುಂಚೆ ‘ಮೋರ್’ ಸೇರಬೇಕು. ‘ವೆಲ್’ ಅಂತೂ ರೂಪವನ್ನೇ ಬಿಟ್ಟು ‘ಬೆಟರ್’, ‘ಬೆಸ್ಟ್’ ಆಗುತ್ತದೆ. ‘ಮೋರ್ ಫಾಸ್ಟರ್’ ಎನ್ನುವ ಕನ್ನಡದ ಮಗು ಈ ಎರಡೂ ನಿಯಮಗಳನ್ನು ಒಟ್ಟಿಗೆ ಬಳಸಿದೆ, ಅಷ್ಟೆ. ಅದಕ್ಕೆ ಹೋಲಿಕೆ ತಿಳಿದಿಲ್ಲ ಎಂದಲ್ಲ.

ಸ್ಪ್ಯಾನಿಷ್ ಮಾತಾಡುವವರ ತೊಡಕು ಇದಕ್ಕೆ ಹತ್ತಿರದ್ದು. ಅವರಲ್ಲಿ ‘ಮಾಸ್’ ಎಂಬ ಬಿಡಿಪದವೇ ಬಹುಪಾಲು ಹೋಲಿಕೆಗೆ ಸಾಕು. ಹಾಗಾಗಿ ಇಂಗ್ಲಿಷಿನಲ್ಲೂ ‘ಮೋರ್ ಫಾಸ್ಟ್’ ಎನ್ನುವ ಕಡೆಗೆ ನಾಲಿಗೆ ವಾಲುತ್ತದೆ. ಆದರೆ ‘ಬಿಯೆನ್’ ಎಂಬುದು ‘ಮೆಹೋರ್’ ಆಗುವುದನ್ನು ಕಂಡವರಿಗೆ ‘ಬೆಟರ್’ ಹೊಸತೆನಿಸುವುದಿಲ್ಲ. ಕನ್ನಡದ ಮಗುವಿಗೆ ಆ ಆಸರೆ ಇಲ್ಲ.

ಕನ್ನಡಕ್ಕೂ ಇಂಗ್ಲಿಷಿಗೂ ಪದಗಳ ಸರದಿಯೂ ತಿರುಗುಮುರುಗು. 1963ರಲ್ಲಿ ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 30 ಭಾಷೆಗಳನ್ನು ಹೋಲಿಸಿ ನೋಡಿದರು, ಕನ್ನಡವೂ ಅವುಗಳಲ್ಲೊಂದು. ಹೋಲಿಕೆಯ ಆಧಾರ ಮೊದಲು, ಗುಣ ಆಮೇಲೆ ಬರುವ ಭಾಷೆಗಳಲ್ಲಿ ವಿಭಕ್ತಿಯಂಥ ಗುರುತುಗಳು ನಾಮಪದದ ನಂತರವೇ ಬರುತ್ತವೆ ಎಂದು ಅವರು ಕಂಡರು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟನ್ನರ ಮಾತೂ ಹಾಗೆಯೇ: ‘ಇಂತ’ದಂಥ ಪ್ರತ್ಯಯ ಹೋಲಿಕೆಯ ಆಧಾರಕ್ಕೆ ಅಂಟುತ್ತದೆ. ಆದರೆ ‘ಎಲ್ಲಕ್ಕಿಂತ ಎತ್ತರ’ ಎನ್ನಲು ಅಲ್ಲಿ ಇಂಗ್ಲಿಷಿನಂತೆ ಗುಣವಾಚಕದ ಕೊನೆಯೇ ಬದಲಾಗುತ್ತದೆ. ಒಂದೇ ತಾಲ್ಲೂಕಿನ ಮಕ್ಕಳು ಇಂಗ್ಲಿಷಿಗೆ ಬರುವ ದಾರಿ ಬೇರೆ ಬೇರೆ.

ಆದ್ದರಿಂದ ಕೆ.ಆರ್. ನಗರದಲ್ಲಾಗಲಿ, ಎಚ್.ಡಿ. ಕೋಟೆಯಲ್ಲಾಗಲಿ, ಪಾಠ ‘ಫಾಸ್ಟ್, ಫಾಸ್ಟರ್, ಫಾಸ್ಟೆಸ್ಟ್’ ಬಾಯಿಪಾಠದಿಂದ ಶುರುವಾಗಬಾರದು. ‘ರವಿಗಿಂತ ಗೀತಾ ಜೋರಾಗಿ ಓಡ್ತಾಳೆ’ ಎಂದು ಹಲಗೆಯ ಮೇಲೆ ಬರೆದು, ‘ಗಿಂತ’ಕ್ಕೆ ಗೆರೆ ಎಳೆಯಬೇಕು. ಇಂಗ್ಲಿಷಿನಲ್ಲಿ ಆ ಕೆಲಸ ‘ದ್ಯಾನ್’ ಮಾಡುತ್ತದೆ, ಅದು ರವಿಯ ಮುಂಚೆ ಬರುತ್ತದೆ, ಜೊತೆಗೆ ‘ಫಾಸ್ಟ್’ ಕೂಡ ಬದಲಾಗುತ್ತದೆ ಎಂದು ತೋರಿಸಬೇಕು. ತಾಯ್ನುಡಿಯಲ್ಲಿ ಮಗುವಿಗೆ ಆಗಲೇ ಗೊತ್ತಿರುವ ವ್ಯಾಕರಣವೇ ಇಂಗ್ಲಿಷ್ ಕಲಿಕೆಗೆ ಗಟ್ಟಿ ನೆಲ.