ಕಂಡೆನ್ಸರಿನ ವಯಸ್ಸು ತಿಳಿಯುವ ಕೈ

ಹೆಮ್ಮರಗಾಲದಂಥ ಊರಲ್ಲಿ ಕಂಡೆನ್ಸರ್ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಿಂಗಲ್ ಫೇಸ್ ಪಂಪು ತಿರುಗದೆ ಗುಂಯ್‌ಗುಟ್ಟಿದರೆ ಮೊದಲು ಕೈ ಹೋಗುವುದು ಸ್ಟಾರ್ಟರ್ ಪೆಟ್ಟಿಗೆಯೊಳಗಿನ ಆ ಡಬ್ಬಿಗೇ. ಸೋಲಾರ್ ಪಂಪಿನ ಡ್ರೈವ್, ಮನೆಯ ಯುಪಿಎಸ್, ನಂಜನಗೂಡಿನ ಕಾರ್ಖಾನೆಗಳ ಮೋಟರ್ ಡ್ರೈವ್‌ಗಳಲ್ಲೂ ಅದರ ಬಳಗವಿದೆ. ಆದರೆ ಅವು ಸದ್ದಿಲ್ಲದೆ ಸವೆಯುತ್ತವೆ. ತಲೆ ಉಬ್ಬಿ ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. ಅದಕ್ಕೂ ಮುಂಚೆಯೇ ಅವುಗಳ ವಯಸ್ಸು ಕಂಡುಹಿಡಿಯುವ ಕಸುಬೆಂದರೆ ನನಗೆ ಬಹಳ ಗೌರವ.

ಒಳಗಿರುವುದು ಸುರುಳಿ ಸುತ್ತಿದ ಅಲ್ಯೂಮಿನಿಯಂ ಹಾಳೆ, ನಡುವೆ ದ್ರಾವಣದಲ್ಲಿ ನೆನೆದ ಕಾಗದ. ಕಾವಿಗೆ ದ್ರಾವಣ ಆವಿಯಾಗಿ ರಬ್ಬರ್ ಮುಚ್ಚಳ ದಾಟಿ ಇಷ್ಟಿಷ್ಟೇ ಹೋಗುತ್ತದೆ. ಒಣಗಿದಷ್ಟೂ ಚಾರ್ಜ್ ಹಿಡಿಯುವ ಶಕ್ತಿ, ಅಂದರೆ ಧಾರಕತೆ, ಕುಗ್ಗುತ್ತದೆ, ಒಳರೋಧ ಏರುತ್ತದೆ. ರೋಧ ಏರಿತೆಂದರೆ ಅದೇ ಕರೆಂಟಿಗೆ ಇನ್ನಷ್ಟು ಬಿಸಿ. 10 ಡಿಗ್ರಿ ತಂಪಾಗಿಟ್ಟರೆ ಆಯಸ್ಸು ಇಮ್ಮಡಿ ಎಂಬುದು ರೂಢಿಯ ಲೆಕ್ಕ: 105 ಡಿಗ್ರಿಯಲ್ಲಿ 5,000 ಗಂಟೆ ಬಾಳುವುದು 65 ಡಿಗ್ರಿಯಲ್ಲಿ 80,000 ಗಂಟೆ ಬಾಳೀತು. ಧಾರಕತೆ ಶೇ. 20 ಇಳಿದರೆ, ಇಲ್ಲವೇ ಒಳರೋಧ ಎರಡರಷ್ಟಾದರೆ, ಬದಲಾಯಿಸುವ ಹೊತ್ತು ಬಂತೆಂದು ಅರ್ಥ.

ಡಬ್ಬಿಯನ್ನು ಕಳಚದೆ ಅಳೆಯುವುದರಲ್ಲೇ ಇದೆ ಜಾಣ್ಮೆ. 415 ವೋಲ್ಟಿನ ಮೂರು ಫೇಸ್ ಡ್ರೈವಿನೊಳಗೆ ಡಿಸಿ ಸುಮಾರು 580 ವೋಲ್ಟ್. ಮೇನ್ ಆಫ್ ಮಾಡಿದರೂ ಅದು ತಕ್ಷಣ ಇಳಿಯುವುದಿಲ್ಲ. ತಿಳಿದವರು ಕೈ ಹಾಕದೆ ಕಾಯುತ್ತಾರೆ. ಆ ಕಾಯುವ ಹೊತ್ತೇ ಅಳತೆಗೋಲು. ತಲಾ 470 ಮೈಕ್ರೊಫ್ಯಾರಡಿನ ಎರಡು ಡಬ್ಬಿ ಸರಣಿಯಲ್ಲಿದ್ದರೆ ಒಟ್ಟು 235. 1 ಲಕ್ಷ ಓಮಿನ ರೋಧದ ಮೂಲಕ ಬರಿದಾಗುವಾಗ 580 ವೋಲ್ಟ್ 213ಕ್ಕೆ ಇಳಿಯಲು 23.5 ಸೆಕೆಂಡ್ ಬೇಕು. ಶೇ. 20 ಸವೆದಿದ್ದರೆ 19 ಸೆಕೆಂಡಿಗೇ ಇಳಿದುಬಿಡುತ್ತದೆ. ಕಂಟ್ರೋಲ್ ಬೋರ್ಡೂ ಅದೇ ಚಾರ್ಜನ್ನು ಹೀರುವುದರಿಂದ ಕಾಗದದ ಲೆಕ್ಕವೊಂದೇ ಸಾಲದು. ಅದೇ ಯಂತ್ರ ಹೊಸದಾಗಿದ್ದಾಗ ಬರೆದಿಟ್ಟ ಅಂಕಿಯನ್ನೇ ನಂಬಬೇಕು.

ಓಡುತ್ತಿರುವಾಗಲೇ ಅಳೆಯುವುದು ಇನ್ನೂ ನಾಜೂಕಿನ ಕೆಲಸ. ಡಿಸಿಯ ಮೇಲೆ ಸದಾ ಏಳುವ ಸಣ್ಣ ಅಲೆಯ ವೋಲ್ಟನ್ನು, ಡಬ್ಬಿಯೊಳಗೆ ಹರಿಯುವ ಅಲೆಯ ಕರೆಂಟಿನಿಂದ ಭಾಗಿಸುತ್ತಾರೆ. ಸ್ವಿಚಿಂಗಿನ ಚುರುಕು ಅಲೆ ಮುಖ್ಯವಾಗಿ ಒಳರೋಧವನ್ನು ಹೇಳುತ್ತದೆ, ನಿಧಾನದ ಅಲೆ ಧಾರಕತೆಯನ್ನು. ಆದರೆ ದ್ರಾವಣ ತಣ್ಣಗಿದ್ದರೆ ಗಟ್ಟಿಮುಟ್ಟಾದ ಡಬ್ಬಿಯೂ ಹೆಚ್ಚು ರೋಧ ತೋರಿಸುತ್ತದೆ. ಧನುರ್ಮಾಸದ ಮುಂಜಾನೆ ಮುದಿಯಾಗಿ ಕಂಡದ್ದು ಬಿಸಿಲೇರಿದ ಮೇಲೆ ಹರೆಯಕ್ಕೆ ಮರಳಿದಂತಿರುತ್ತದೆ! ಹಾಗಾಗಿಯೇ ಬಲ್ಲವರು ಡ್ರೈವಿನ ಮುಚ್ಚಳದ ಒಳಮೈಯಲ್ಲಿ ಮಾರ್ಕರ್‌ನಿಂದ ತಾರೀಖು, ಸೆಕೆಂಡು ಬರೆದು, ಪಕ್ಕದಲ್ಲೇ ಅಂದಿನ ಡಿಗ್ರಿಯನ್ನೂ ಗುರುತು ಹಾಕಿರುತ್ತಾರೆ.