ಮಗಳ ಇಂಗ್ಲಿಷ್ ಪಾಠಕ್ಕೆ ಅಮ್ಮನ ಕನ್ನಡ

"ನಿಂಗೆ ಅದೆಲ್ಲ ಗೊತ್ತಾಗಲ್ಲ, ಬಿಡಮ್ಮ."

ಹತ್ತನೇ ತರಗತಿಯಲ್ಲಿದ್ದ ಮಗಳು ಹೀಗಂದಾಗ ನಾನು ಚಪಾತಿ ಲಟ್ಟಿಸುತ್ತಿದ್ದೆ. ಕೈ ಹಾಗೇ ನಿಂತಿತು. ಅಂದು ಬೆಳಿಗ್ಗೆ ಹಾಸಿಗೆ ಸರಿಮಾಡುವಾಗ ಅವಳ ದಿಂಬಿನ ಕೆಳಗೆ ನಾಲ್ಕಾಗಿ ಮಡಚಿಟ್ಟ ಉತ್ತರ ಪತ್ರಿಕೆ ಸಿಕ್ಕಿತ್ತು. ಇಂಗ್ಲಿಷ್ ಸಾಹಿತ್ಯ, 80ಕ್ಕೆ 34. ಕೊನೆಯ ಪುಟದಲ್ಲಿ ಟೀಚರ್ ಕೆಂಪು ಇಂಕಿನಲ್ಲಿ ಒಂದು ಸಾಲು ಬರೆದಿದ್ದರು. ಇವು ಗೈಡಿನ ಉತ್ತರಗಳು, ನಿನ್ನ ಉತ್ತರ ಎಲ್ಲಿ ಅಂತ.

ಕಡಿಮೆ ಅಂಕಕ್ಕಿಂತ ಅವಳು ಅದನ್ನು ಬಚ್ಚಿಟ್ಟಿದ್ದೇ ನನ್ನನ್ನು ಹೆಚ್ಚು ನೋಯಿಸಿತು. ಜೊತೆಗೆ, ಆ ಗೈಡ್ ತಂದುಕೊಟ್ಟವಳು ನಾನೇ. "ಬಾಯಿಪಾಠ ಮಾಡು, ಒಪ್ಪಿಸು" ಅಂತ ದಿನಾ ಸಂಜೆ ಕೂರಿಸಿದವಳೂ ನಾನೇ. ಹಾಸನದ ಕಡೆ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎ. ಮಾಡಿದ ನನಗೆ ಷೇಕ್ಸ್‌ಪಿಯರ್ ಹೇಳಿಕೊಡೋ ಧೈರ್ಯ ಎಲ್ಲಿಂದ ಬರಬೇಕು? ಗೈಡಿನಲ್ಲಿರೋದು ಸರಿಯಾಗೇ ಇರುತ್ತೆ ಅಂದುಕೊಂಡಿದ್ದೆ.

ನಿಮ್ಮಲ್ಲೂ ಎಷ್ಟೋ ಜನ ಹೀಗೇ ಅಂದುಕೊಂಡಿರಬಹುದು. ಹಾಗಾಗಿಯೇ ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳ್ತೀನಿ.

ಪರೀಕ್ಷೆ ಕೇಳೋದೇನು?

ಐಸಿಎಸ್‌ಇ ಹತ್ತನೇ ತರಗತಿಯಲ್ಲಿ ಇಂಗ್ಲಿಷ್‌ಗೆ ಎರಡು ಪತ್ರಿಕೆ. ಒಂದು ಭಾಷೆ, ಇನ್ನೊಂದು ಸಾಹಿತ್ಯ. ತಲಾ ಎರಡು ಗಂಟೆ, 80 ಅಂಕ. ಉಳಿದ 20 ಶಾಲೆಯ ಆಂತರಿಕ ಮೌಲ್ಯಮಾಪನದಿಂದ. ಸಾಹಿತ್ಯದಲ್ಲಿ ಒಂದು ಷೇಕ್ಸ್‌ಪಿಯರ್ ನಾಟಕ, ಕೆಲವು ಕವಿತೆ, ಕೆಲವು ಸಣ್ಣ ಕಥೆ. ಮಗಳಿಗೆ ಬಂದಿದ್ದ ನಾಟಕ 'ಜೂಲಿಯಸ್ ಸೀಸರ್'.

ಆ ರಾತ್ರಿ ಅವಳನ್ನು ಬೈಯಲಿಲ್ಲ. ಪ್ರಶ್ನೆ ಪತ್ರಿಕೆ ಮಾತ್ರ ತೆಗೆದುಕೊಂಡು ಕೂತೆ. ನಾಟಕದ ನಾಲ್ಕೈದು ಸಾಲು ಕೊಟ್ಟು ಕೆಳಗೆ ಪ್ರಶ್ನೆ ಕೇಳಿದ್ದರು. ಈ ಮಾತು ಯಾರು ಯಾರಿಗೆ ಹೇಳಿದ್ದು? ಯಾವಾಗ? ಇದರಿಂದ ಆ ಪಾತ್ರದ ಸ್ವಭಾವ ಹೇಗೆ ತಿಳಿಯುತ್ತೆ? ಕವಿತೆಯಲ್ಲಿ ಬಂದಿರೋ ಹೋಲಿಕೆ ಯಾವುದು?

ನನಗೆ ನಗು ಬಂತು. ಇದು ನಮ್ಮ ಕನ್ನಡ ಪರೀಕ್ಷೆಯ 'ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ' ಅಲ್ವಾ? ಅಲ್ಲಿ ಉಪಮೆ, ರೂಪಕ ಅಂತ ಕಲಿತದ್ದನ್ನೇ ಇಲ್ಲಿ ಸಿಮಿಲಿ, ಮೆಟಫರ್ ಅಂತಾರೆ. ಅಂದರೆ ಭಾಷೆ ಬೇರೆ, ಪಾಠ ನನಗೆ ಗೊತ್ತಿರೋದೇ.

ನಾಟಕ: ಕಿವಿಗೆ ಬೀಳಲಿ

ಮರುದಿನ ಮಗಳಿಗೆ ಹೇಳಿದೆ, "ನಂಗೆ ಗೊತ್ತಾಗಲ್ಲ, ನಿಜ. ನೀನೇ ಓದಿ ಹೇಳು." ಮೂರನೇ ಅಂಕದ ಎರಡನೇ ದೃಶ್ಯ ತೆಗೆದಳು. ಸೀಸರ್ ಕೊಲೆಯಾಗಿದ್ದಾನೆ. ಕೊಂದವರಲ್ಲಿ ಒಬ್ಬನಾದ ಬ್ರೂಟಸ್ ರೋಮಿನ ಜನರಿಗೆ ಕಾರಣ ಹೇಳ್ತಾನೆ. ಜನ ಒಪ್ಪುತ್ತಾರೆ. ನಂತರ ಸೀಸರ್‌ನ ಗೆಳೆಯ ಆಂಟನಿ ಮಾತಾಡ್ತಾನೆ. ಅದೇ ಜನ ಬ್ರೂಟಸ್ ವಿರುದ್ಧ ತಿರುಗಿ ಬೀಳ್ತಾರೆ.

ಯಾಕೆ ಹೀಗಾಯ್ತು ಅಂತ ಕೇಳಿದೆ. ಗೈಡಿನ ವಾಕ್ಯ ಒಪ್ಪಿಸೋಕೆ ಹೊರಟಳು. ತಡೆದೆ. "ಎರಡೂ ಭಾಷಣ ಜೋರಾಗಿ ಓದು" ಅಂದೆ. ಓದುತ್ತಾ ಅವಳೇ ನಿಂತಳು. ಬ್ರೂಟಸ್‌ನದು ಗದ್ಯ, ಆಂಟನಿಯದು ಪದ್ಯ. ಬ್ರೂಟಸ್ ಬುದ್ಧಿಗೆ ಹೇಳ್ತಾನೆ, ಆಂಟನಿ ಮನಸ್ಸಿಗೆ ನಾಟಿಸ್ತಾನೆ. ಆಂಟನಿ ಬ್ರೂಟಸ್‌ನನ್ನು ನೇರವಾಗಿ ಬೈಯೋದೇ ಇಲ್ಲ. ಗೌರವಸ್ಥ, ಗೌರವಸ್ಥ ಅಂತ ಮತ್ತೆ ಮತ್ತೆ ಹೊಗಳಿ ಹೊಗಳಿ, ಕೊನೆಗೆ ಆ ಮಾತೇ ಬೈಗುಳವಾಗೋ ಹಾಗೆ ಮಾಡ್ತಾನೆ.

"ಇದು ನಮ್ಮ ಮನೆ ಮದುವೆಗಳಲ್ಲಿ ನಡೆಯೋದೇ ಕಣೇ," ಅಂದೆ. "'ಪಾಪ, ಅವರು ದೊಡ್ಡ ಮನುಷ್ಯರು' ಅಂತ ನಾಲ್ಕು ಸಲ ಹೇಳಿದ್ರೆ ಏನರ್ಥ?" ಮಗಳು ನಕ್ಕಳು. ವ್ಯಂಗ್ಯ ಅಂದ್ರೇನು ಅಂತ ಮತ್ತೆ ಹೇಳಿಕೊಡಬೇಕಾಗಲಿಲ್ಲ.

ನಾಟಕ ಇರೋದು ಆಡೋಕೆ. ಮನೆಯಲ್ಲಿ ಇಬ್ಬರೇ ಇದ್ದರೂ ಪಾತ್ರ ಹಂಚಿಕೊಂಡು ಓದಿ. ನಿಮ್ಮ ಉಚ್ಚಾರಣೆ ತಪ್ಪಿದರೆ ಮಕ್ಕಳು ತಿದ್ದುತ್ತಾರೆ, ಅವರಿಗೂ ಖುಷಿ. ಧೈರ್ಯ ಬೇಕಿದ್ದರೆ ನೆನಪಿಡಿ, ಕುವೆಂಪು ಅವರ 'ರಕ್ತಾಕ್ಷಿ' ಹುಟ್ಟಿದ್ದು 'ಹ್ಯಾಮ್ಲೆಟ್'ನಿಂದ, 'ಬಿರುಗಾಳಿ' 'ದಿ ಟೆಂಪೆಸ್ಟ್'ನಿಂದ. ಷೇಕ್ಸ್‌ಪಿಯರ್ ಕನ್ನಡಕ್ಕೆ ಹೊಸಬನೇನಲ್ಲ.

ಕವಿತೆ: ಅರ್ಥದ ಜೊತೆ ಒಂದು ಜಗಳ

ಕವಿತೆಗಳಲ್ಲಿ ಲೀ ಹಂಟ್ ಬರೆದ 'ದಿ ಗ್ಲವ್ ಅಂಡ್ ದಿ ಲಯನ್ಸ್' ಇತ್ತು. ರಾಜನ ಮುಂದೆ ಸಿಂಹಗಳ ಕಾದಾಟ ನಡೆದಿದೆ. ಒಬ್ಬಳು ತನ್ನ ಪ್ರಿಯಕರನ ಪ್ರೀತಿ ಪರೀಕ್ಷಿಸಲು ಕೈಗವಸನ್ನು ಸಿಂಹಗಳ ನಡುವೆ ಬೀಳಿಸ್ತಾಳೆ. ಅವನು ಹಾರಿ, ಅದನ್ನು ತಂದು ಅವಳ ಮುಖಕ್ಕೇ ಎಸೀತಾನೆ. ರಾಜ ಅವನ ಕಡೆ ವಹಿಸ್ತಾನೆ. ಗೈಡ್ ಬರೆದಿದ್ದು 'ಪ್ರೀತಿ ಬೇರೆ, ಒಣಜಂಬ ಬೇರೆ' ಅಂತ ಒಂದೇ ಮಾತು.

"ಅವಳದು ತಪ್ಪು ಸರಿ. ಎಲ್ಲರ ಮುಂದೆ ಮುಖಕ್ಕೆ ಎಸೆದದ್ದು ಸರಿಯಾ?" ಅಂತ ಕೇಳಿದೆ. ಅರ್ಧ ಗಂಟೆ ವಾದ ನಡೀತು. ಊಟಕ್ಕೆ ಕೂತ ಅವರಪ್ಪನೂ ಸೇರಿಕೊಂಡರು. ರಾಬರ್ಟ್ ಬ್ರೌನಿಂಗ್ ಎಂಬ ಕವಿ ಇದೇ ಪ್ರಸಂಗವನ್ನು ಇಟ್ಟುಕೊಂಡು ಆ ಹೆಂಗಸಿನ ಪರವಾಗಿ ಇನ್ನೊಂದು ಕವಿತೆ ಬರೆದಿದ್ದಾನೆ ಅಂತ ಮಗಳ ಟೀಚರ್ ಆಮೇಲೆ ಹೇಳಿದರಂತೆ. ನಮ್ಮ ಜಗಳ ದೊಡ್ಡವರ ಜಗಳವೇ ಅಂತ ಮಗಳಿಗೆ ಹೆಮ್ಮೆ.

ಕವಿತೆಗೆ ಮೊದಲು ಎರಡು ಸಲ ಜೋರಾಗಿ ಓದೋದು, ಆಮೇಲೆ ಅರ್ಥ. ಪ್ರಾಸ ಎಲ್ಲಿ, ಓಟ ಎಲ್ಲಿ ನಿಧಾನವಾಗುತ್ತೆ ಅನ್ನೋದು ಕಿವಿಗೇ ತಿಳಿಯುತ್ತೆ. ಅಭಿಪ್ರಾಯ ಕೇಳೋ ಪ್ರಶ್ನೆಗೆ ಮಕ್ಕಳು ಎರಡು ಕಡೆಯಲ್ಲಿ ಯಾವುದನ್ನಾದರೂ ಹಿಡೀಬಹುದು. ಕವಿತೆಯಿಂದಲೇ ಕಾರಣ ಕೊಡಬೇಕು, ಅಷ್ಟೆ.

ಸಣ್ಣ ಕಥೆ: ಹೇಳೋದು ಯಾರು?

ನನ್ನನ್ನು ಹಿಡಿದು ನಿಲ್ಲಿಸಿದ್ದು ಘಾನಾ ದೇಶದ ಲೇಖಕಿ ಅಮಾ ಅಟಾ ಐಡೂ ಬರೆದ 'ದಿ ಗರ್ಲ್ ಹೂ ಕ್ಯಾನ್'. ಏಳು ವರ್ಷದ ಅಡ್ಜೋವಾಳ ಕಾಲು ತೀರಾ ಸಣ್ಣ ಅಂತ ಅಜ್ಜಿಗೆ ಸದಾ ಚಿಂತೆ. ಹೆಣ್ಣಿನ ಕಾಲು ಗಟ್ಟಿಯಿದ್ದರೆ ತಾನೇ ನಾಳೆ ಮಕ್ಕಳನ್ನು ಹೊರೋದು ಅನ್ನೋ ಲೆಕ್ಕ. ಅದೇ ಕಾಲಿನಲ್ಲಿ ಹುಡುಗಿ ಓಡಿ ಕಪ್ ಗೆಲ್ತಾಳೆ. ಆ ಕಪ್ಪನ್ನು ಅಜ್ಜಿ ಮಗುವಿನ ಹಾಗೆ ಬೆನ್ನಿಗೆ ಕಟ್ಟಿಕೊಂಡು ಮನೆಗೆ ತರ್ತಾಳೆ.

ಕಥೆ ಹೇಳೋದು ಆ ಹುಡುಗಿಯೇ. ಅವಳ ಕಷ್ಟ ಏನು ಗೊತ್ತಾ? ಮನಸ್ಸಿನಲ್ಲಿರೋದನ್ನು ದೊಡ್ಡವರಿಗೆ ಹೇಗೆ ಹೇಳೋದು, ಹೇಳಿದರೆ ನಗ್ತಾರೇನೋ ಅನ್ನೋದು. ಮಗಳು ಇದನ್ನು ಕನ್ನಡದಲ್ಲಿ ಹೇಳ್ತಾ ಹೇಳ್ತಾ ತಟ್ಟನೆ ಸುಮ್ಮನಾದಳು. ಆಮೇಲೆ ಮೆಲ್ಲಗೆ, "ಆ ಪೇಪರ್ ನಿಂಗೆ ಸಿಕ್ಕಿತ್ತು ಅಲ್ವಾ ಅಮ್ಮ?" ಅಂದಳು. ಹೂಂ ಅಂದೆ. "ನೀನು ಅಷ್ಟು ದಿನ ಕೂತು ಒಪ್ಪಿಸಿಕೊಂಡಿದ್ದೆ. ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ" ಅಂದಳು. ಬೆನ್ನು ಸವರಿದೆ. ಆ ಹೊತ್ತಿಗೆ ಪಾಠ ಅಲ್ಲಿಗೇ ನಿಂತಿತು.

ಮುಂದಿನ ಪರೀಕ್ಷೆಯಲ್ಲಿ 80ಕ್ಕೆ 57 ಬಂತು. ತರಗತಿಗೆ ಮೊದಲೇನೂ ಬರಲಿಲ್ಲ. ಆದರೆ ಉತ್ತರ ಪತ್ರಿಕೆಯನ್ನು ಬಾಗಿಲಲ್ಲೇ ಕೈಗೆ ಕೊಟ್ಟಳು.

ನೀವೂ ಮಾಡಿ ನೋಡಿ

• ಪಾಠವನ್ನು ಮೊದಲು ಮಗುವೇ ಜೋರಾಗಿ ಓದಲಿ. ಗೈಡ್ ಕೊನೆಗೆ, ಬಿಟ್ಟುಹೋದದ್ದು ಇದೆಯಾ ಅಂತ ನೋಡಿಕೊಳ್ಳೋಕೆ ಮಾತ್ರ.

• ಓದಿದ ಮೇಲೆ ಐದೇ ವಾಕ್ಯದಲ್ಲಿ ಕಥೆಯನ್ನು ನಿಮಗೆ ಕನ್ನಡದಲ್ಲಿ ಹೇಳಲಿ. ಎಲ್ಲಿ ತಡವರಿಸುತ್ತೋ ಅಲ್ಲಿ ಅರ್ಥವಾಗಿಲ್ಲ ಅಂತ ತಿಳಿಯಿರಿ.

• ನಾಟಕದ ಮಾತಿಗೆ ನಾಲ್ಕು ಪ್ರಶ್ನೆ ಕೇಳಿ: ಯಾರು, ಯಾರಿಗೆ, ಯಾವಾಗ, ಯಾಕೆ.

• ಉತ್ತರವನ್ನು ಅವರದೇ ಸರಳ ಇಂಗ್ಲಿಷ್‌ನಲ್ಲಿ ಬರೆಯಲಿ. ಪ್ರತಿ ಅಭಿಪ್ರಾಯಕ್ಕೂ ಪಾಠದಿಂದ ಒಂದು ಆಧಾರ ಇರಲಿ.

• 80 ಅಂಕಕ್ಕೆ 120 ನಿಮಿಷ. ಅಂದರೆ ಅಂಕಕ್ಕೆ ಒಂದೂವರೆ ನಿಮಿಷ. ವಾರಕ್ಕೊಮ್ಮೆ ಗಡಿಯಾರ ಇಟ್ಟು ಬರೆಸಿ.

• ಪಠ್ಯಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಹಳೆಯ ಪುಸ್ತಕ ಕೊಳ್ಳುವ ಮೊದಲು ಶಾಲೆಯ ಪಟ್ಟಿ ನೋಡಿ.

ಎಲ್ಲಕ್ಕಿಂತ ಮೊದಲು "ನಂಗೆ ಗೊತ್ತಿಲ್ಲ, ನೀನು ಹೇಳು" ಅಂತ ಮಗುವಿನ ಪಕ್ಕ ಕೂತುಕೊಳ್ಳಿ. ಹಾಗನ್ನೋಕೆ ಇಂಗ್ಲಿಷ್ ಬೇಕಿಲ್ಲ.