ನಮ್ಮಿಬ್ಬರ ಮೇಳ

ನಮ್ಮ ಯಜಮಾನರಿಗೂ ನನಗೂ ಊಟದ ವಿಷಯದಲ್ಲಿ ಒಮ್ಮತವಿಲ್ಲ. ಅವರು ಸಾಗರದ ಕಡೆಯವರು. ಒಂದು ತಂಬುಳಿ, ಒಂದಿಷ್ಟು ಅಪ್ಪೆಹುಳಿ ಇದ್ದರೆ ಉಳಿದದ್ದು ಏನಿದ್ದರೂ ನಡೆದೀತು. ನಾನು ಹಾಸನದವಳು, ಹುಳಿಯೂ ಸಾರೂ ಎರಡೂ ಇಲ್ಲದ ಊಟ ನನಗೆ ಊಟವೇ ಅಲ್ಲ. ಬೇಸಗೆಯಲ್ಲಿ ಫ್ಯಾನಿನ ವೇಗ ಎಷ್ಟಿರಬೇಕು, ಊರಿಗೆ ಹೊರಡುವಾಗ ಸ್ಟೇಷನ್ನಿಗೆ ಎಷ್ಟು ಹೊತ್ತು ಮುಂಚೆ ಹೋಗಬೇಕು, ಇವುಗಳಲ್ಲಿಯೂ ಹಾಗೆಯೇ. ಒಂದೇ ಒಂದು ವಿಷಯದಲ್ಲಿ ಮಾತ್ರ ನಾವಿಬ್ಬರೂ ಒಂದೇ ಮತದವರು. ಅದು ‘ಇಂಡಿಯನ್ ಓಷನ್’ ಎಂಬ ದೆಹಲಿಯ ವಾದ್ಯವೃಂದ. ಒಂದೇ ಮತದವರಾಗಿದ್ದೆವು ಎಂದರೆ ಹೆಚ್ಚು ಸರಿಯಾದೀತು. ನಡುವೆ ಹತ್ತು ಹನ್ನೆರಡು ವರ್ಷ ಇದೇ ವಿಷಯಕ್ಕೆ ಮನೆಯಲ್ಲಿ ಮನಸ್ತಾಪವಿತ್ತು. ಆ ಕಥೆಯನ್ನೂ ಮುಚ್ಚಿಡದೆ ಹೇಳುತ್ತೇನೆ.

ನಾನು ಮದುವೆಯಾಗಿ ದೆಹಲಿಗೆ ಬಂದದ್ದು 1996ರ ನವೆಂಬರಿನಲ್ಲಿ. ಇವರಿಗೆ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ, ವಾಸಕ್ಕೆ ಎರಡು ಕೋಣೆಯ ಕ್ವಾರ್ಟರ್ಸು. ನನಗೆ ಹಿಂದಿ ಬಾರದು. ತರಕಾರಿಯವನೊಡನೆ ಬೆರಳು ಎಣಿಸಿ ವ್ಯವಹಾರ. ಮೈಸೂರಿನಲ್ಲಿ ಏಳೆಂಟು ವರ್ಷ ಸಂಗೀತ ಪಾಠ ಹೇಳಿಸಿಕೊಂಡಿದ್ದೆನಾದರೂ ಶ್ರುತಿಪೆಟ್ಟಿಗೆ ಟ್ರಂಕಿನಿಂದ ಹೊರಬಂದಿರಲಿಲ್ಲ. ಯಾರಿಗೆಂದು ಹಾಡುವುದು? ಡಿಸೆಂಬರಿನ ಚಳಿಗೆ ಕಿಟಕಿ ಬಾಗಿಲು ಮುಚ್ಚಿಕೊಂಡು, ಊರಿನ ಕಾಗದಕ್ಕೆ ಕಾಯುತ್ತ ಕೂತಿರುತ್ತಿದ್ದೆ.

ಹೊಸವರ್ಷದ ದಿನ ಇವರು, “ಮೇಳ ಬಂದಿದೆ, ನೋಡುವುದಕ್ಕೆ ಹೋಗೋಣ ಬಾರೇ” ಎಂದರು. ಸಾಗರದವರು ಮೇಳ ಎಂದರೆ ಯಕ್ಷಗಾನವಲ್ಲದೆ ಇನ್ನೇನು? ಬೆಳಗಿನ ತನಕ ಕೂರಬೇಕಾದೀತೆಂದು ಎರಡು ಶಾಲು, ಒಂದು ಡಬ್ಬಿ ಚಕ್ಕುಲಿ ಕಟ್ಟಿಕೊಂಡೆ. ಬಸ್ಸಿಳಿದದ್ದು ಮಂಡಿ ಹೌಸಿನಲ್ಲಿ. ನಾಟಕಕಾರ ಸಫ್ದರ್ ಹಾಷ್ಮಿಯವರು 1989ರ ಜನವರಿ 1ರಂದು ಬೀದಿನಾಟಕ ಆಡುತ್ತಿದ್ದಾಗಲೇ ಹಲ್ಲೆಗೆ ಸಿಕ್ಕಿ ಮರುದಿನ ಪ್ರಾಣಬಿಟ್ಟವರು. ಅವರ ನೆನಪಿಗೆ ‘ಸಹಮತ್’ ಸಂಸ್ಥೆ ವರ್ಷವರ್ಷವೂ ಅದೇ ದಿನ ಕಲಾವಿದರನ್ನು ಸೇರಿಸುತ್ತದೆ. ಅಲ್ಲಿ ಚಂಡೆಯೂ ಇಲ್ಲ, ಕಿರೀಟವೂ ಇಲ್ಲ! ಗಿಟಾರು ಹಿಡಿದ ಇಬ್ಬರು, ಡ್ರಮ್ಮುಗಳ ಹಿಂದೆ ಒಬ್ಬ, ತಬಲಾದ ಮುಂದೆ ಒಬ್ಬ. ನನಗೆ ಅಳು ಬರುವುದೊಂದು ಬಾಕಿ.

ಬಾರಿಸಲು ಶುರುಮಾಡಿದ ಮೇಲೆ ಅಳು ಮರೆತುಹೋಯಿತು. ಸುಸ್ಮಿತ್ ಸೇನ್ ಎಂಬುವರ ಗಿಟಾರು ನಾನು ತಿಳಿದಿದ್ದ ಗಿಟಾರಿನಂತಿರಲಿಲ್ಲ; ಒಂದು ಸ್ವರವನ್ನು ಹಿಡಿದು ಅದರ ಸುತ್ತಲೂ ಓಡಾಡಿ, ಆಲಾಪನೆಯ ಹಾಗೆ ಮೆಲ್ಲನೆ ಮೇಲೇರುತ್ತಿತ್ತು. ಹಾಡಿನಲ್ಲಿ ಮಾತು ಕಡಿಮೆ, ನಾದವೇ ಹೆಚ್ಚು. ಹಿಂದಿ ಬಾರದ ನನಗೆ ಅದೊಂದು ಉಪಕಾರ. ಎಲ್ಲಕ್ಕಿಂತ ಬೆರಗು ಹುಟ್ಟಿಸಿದವರು ಅಸೀಮ್ ಚಕ್ರವರ್ತಿ. ನಮ್ಮ ಭಾಗವತರು ಹಾಡುತ್ತ ತಾಳ ಹಾಕುವುದುಂಟು. ಈ ಮನುಷ್ಯ ಎರಡು ಕೈಯಲ್ಲಿಯೂ ತುಂಬು ತಬಲಾ ನುಡಿಸುತ್ತ, ಕೊರಳಲ್ಲಿ ತುಂಬು ಹಾಡು ಹಾಡುತ್ತಿದ್ದರು. ಹಾಡಿನ ನಡೆ ಒಂದು, ಕೈಯ ನಡೆ ಇನ್ನೊಂದು. ಪಾಠ ಹೇಳಿಸಿಕೊಂಡವರಿಗೆ ಮಾತ್ರ ಅದರ ಕಷ್ಟ ಗೊತ್ತು. ಚಕ್ಕುಲಿ ಡಬ್ಬಿ ಮುಚ್ಚಿದ ಹಾಗೆಯೇ ಮನೆಗೆ ವಾಪಸು ಬಂತು.

ಆ ಸಂಜೆಯ ಧ್ವನಿಮುದ್ರಣವೇ ಮುಂದೆ ‘ಡೆಸರ್ಟ್ ರೇನ್’ ಎಂಬ ಹೆಸರಿನಲ್ಲಿ ಹೊರಬಂದಿತು. ಗೆಳೆಯರೊಬ್ಬರಿಂದ ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡೆವು. (ಆ ತಪ್ಪನ್ನು ಮುಂದೆ ದುಡ್ಡು ಕೊಟ್ಟು ಕೊಂಡು ತೀರಿಸಿದ್ದೇವೆ.) ಅದರಲ್ಲಿ ಕೇಳುವ ಚಪ್ಪಾಳೆಯಲ್ಲಿ ನಮ್ಮ ನಾಲ್ಕು ಕೈಗಳ ಚಪ್ಪಾಳೆಯೂ ಉಂಟು. ಒಂದು ಕಡೆ ಕೇಳಿಸುವ ಕೆಮ್ಮು ತಮ್ಮದೇ ಎಂದು ಇವರ ವಾದ. ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆಗೆ ಆ ಕೆಮ್ಮನ್ನೂ ಕೇಳಿಸುತ್ತಿದ್ದರು.

ಈ ಬಗೆಯ ಸಂಗೀತದ ಪರಿಚಯವಿಲ್ಲದ ಓದುಗರಿಗೆ ಎರಡು ಮಾತು. ಇವರು ಸಿನಿಮಾದವರಲ್ಲ, ಕಚೇರಿ ಸಂಗೀತದವರೂ ಅಲ್ಲ. ತಾವೇ ಕಟ್ಟಿದ್ದನ್ನು ತಾವೇ ನುಡಿಸಿ, ಕಂಪನಿಯವರು ಮುದ್ರಿಸಿದರೆ ಸರಿ, ಇಲ್ಲವಾದರೆ ತಾವೇ ಮುದ್ರಿಸಿಕೊಂಡು, ಊರೂರು ಸುತ್ತಿ ಬದುಕುವವರು. ರಾಕ್ ಸಂಗೀತದಲ್ಲಿ ಇಂಥವರನ್ನು ‘ಇಂಡೀ’ ಎನ್ನುತ್ತಾರೆ. ಸುಸ್ಮಿತ್ ಮತ್ತು ಅಸೀಮ್ ಸೇರಿ 1990ರಲ್ಲಿ ಈ ತಂಡ ಕಟ್ಟಿದರು. ಹೆಸರು ಸೂಚಿಸಿದ್ದು ಸುಸ್ಮಿತರ ತಂದೆಯಂತೆ. ದೊಡ್ಡ ಗಿಟಾರು, ಅಂದರೆ ಬೇಸ್, ನುಡಿಸುವ ರಾಹುಲ್ ರಾಮ್ ಮರುವರ್ಷ ಬಂದು ಸೇರಿದರು. ಡ್ರಮ್ಮಿನ ಅಮಿತ್ ಕಿಲಂ 1994ರಲ್ಲಿ. ಮೊದಲ ಧ್ವನಿಮುದ್ರಿಕೆ 1993ರಲ್ಲಿ ಎಚ್.ಎಂ.ವಿ.ಯಿಂದ ಬಂತು. ಹೆಸರು ಮನೆಮನೆಗೆ ಮುಟ್ಟಿದ್ದು 2000ದಲ್ಲಿ ‘ಕಂದೀಸಾ’ ಬಂದ ಮೇಲೆ.

ಆ ಕ್ಯಾಸೆಟ್ಟನ್ನು ನಾವು ತೇಯ್ದುಬಿಟ್ಟೆವು. ಟೇಪು ಸಿಕ್ಕಿಕೊಂಡಾಗಲೆಲ್ಲ ಪೆನ್ಸಿಲು ತೂರಿಸಿ ಸುತ್ತುವ ಕೆಲಸ ನನ್ನದು. ಅವರ ಕೈ ಒರಟು. ‘ಕಂದೀಸಾ’ ಎಂದರೆ ಪವಿತ್ರ ಎಂದರ್ಥ. ಕೇರಳದ ಸುರಿಯಾನಿ ಕ್ರೈಸ್ತರ ಪ್ರಾಚೀನ ಪ್ರಾರ್ಥನೆ, ಯೇಸುವಿನ ಮಾತಿಗೆ ಹತ್ತಿರದ ಭಾಷೆ. ‘ಮಾ ರೇವಾ’ ನರ್ಮದೆಯ ದಡದವರ ಪದ. ರೇವಾ ನರ್ಮದೆಯ ಇನ್ನೊಂದು ಹೆಸರು. ಅದನ್ನು ತಂದವರು ರಾಹುಲ್ ರಾಮ್. ಅವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿ ಬಂದು, ಪ್ರಾಧ್ಯಾಪಕರಾಗುವುದನ್ನು ಬಿಟ್ಟು ನರ್ಮದಾ ಬಚಾವೋ ಆಂದೋಲನದಲ್ಲಿ ಕೆಲಸ ಮಾಡಿದವರು. ಇನ್ನೊಂದು ವಿಶೇಷ: ಅಮಿತ್ ಒಮ್ಮೊಮ್ಮೆ ‘ಗಬ್‌ಗುಬಿ’ ಎಂಬ ಬಂಗಾಳದ ಬಾವುಲರ ವಾದ್ಯವನ್ನು ಕಂಕುಳಲ್ಲಿಟ್ಟುಕೊಂಡು ಮೀಟುತ್ತಾರೆ. ಚರ್ಮ ಬಿಗಿದ ಬುರುಡೆ, ಅದರಿಂದ ಹೊರಟ ತಂತಿ, ಎಳೆದಂತೆ ಏರಿಳಿಯುವ ದನಿ. ಮೊದಲ ಸಲ ನೋಡಿದಾಗ “ಅಯ್ಯೋ, ಇದು ನಮ್ಮ ಚೌಡಿಕೆ!” ಎಂದು ಕೂಗಿದೆ. ಎಲ್ಲಮ್ಮನ ಪದ ಹಾಡುವವರ ಚೌಡಿಕೆಗೂ ಅದಕ್ಕೂ ಒಡಹುಟ್ಟಿನ ಹೋಲಿಕೆ.

ಈ ನಡುವೆ ಸಂಘದ ಉಗಾದಿ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು, “ಆ ಉದ್ದಕೂದಲಿನ ರಾಹುಲ್ ರಾಮ್ ನಮ್ಮವನೇ ಕಣಮ್ಮ” ಎಂದರು. ಹೊರನಾಡಿನ ಕನ್ನಡ ಸಂಘಗಳಲ್ಲಿ ಯಾರೇ ಪ್ರಸಿದ್ಧರಾದರೂ ಅವರ ಅಜ್ಜಿಯ ಊರು ಕರ್ನಾಟಕದಲ್ಲಿ ಸಿಕ್ಕೇ ಸಿಗುತ್ತದೆ. ಆದ್ದರಿಂದ ನಾನು ನಂಬಲಿಲ್ಲ. ವಿಚಾರಿಸಿದರೆ ಮಾತು ನಿಜವಾಗಿತ್ತು. ತಂದೆ, ದೆಹಲಿ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ, ಮೈಸೂರಿನಲ್ಲಿ ಹುಟ್ಟಿದ ಎಚ್. ವೈ. ಮೋಹನರಾಮ್. ದೊಡ್ಡಪ್ಪ, ಪ್ರಧಾನಿ ಇಂದಿರಾ ಗಾಂಧಿಯವರಿಗೆ ಮಾಧ್ಯಮ ಸಲಹೆಗಾರರಾಗಿದ್ದ, ಕಾರಂತರ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದ ಎಚ್. ವೈ. ಶಾರದಾಪ್ರಸಾದ್. ಅಜ್ಜ? ವಾಗ್ಗೇಯಕಾರ ಹೊಳೆನರಸೀಪುರದ ಯೋಗಾನರಸಿಂಹಂ! ಅವರ ಕೃತಿಯೊಂದನ್ನು ಮೈಸೂರಿನಲ್ಲಿ ನಮ್ಮ ಮೇಷ್ಟರು ನನಗೆ ಪಾಠ ಮಾಡಿದ್ದರು. ಅಂದು ರಾತ್ರಿ ಟ್ರಂಕು ತೆಗೆದು ಶ್ರುತಿಪೆಟ್ಟಿಗೆ ಹೊರಗಿಟ್ಟೆ. ಅಮ್ಮನಿಗೆ ಎಲ್ಲವನ್ನೂ ಕಾಗದ ಬರೆದೆ, ತಂಡದ ಚಿತ್ರವನ್ನೂ ಕತ್ತರಿಸಿ ಇಟ್ಟೆ. ಮಾರುತ್ತರ ಬಂತು: “ಎಲ್ಲಾ ಸಂತೋಷ. ಅಂಥ ಮನೆತನದ ಹುಡುಗ, ಕೂದಲು ಯಾಕೆ ಹಾಗೆ ಬಿಟ್ಟಿದ್ದಾನೆ?”

ಹೀಗೆ ಹನ್ನೆರಡು ವರ್ಷ ನಡೆಯಿತು. ಮಗಳು ಹುಟ್ಟಿದಳು, ‘ಕಂದೀಸಾ’ ಹಾಕಿದರೆ ಮಲಗುತ್ತಿದ್ದಳು. ಕಬೀರರ ಪದವುಳ್ಳ ‘ಝೀನಿ’ 2003ರಲ್ಲಿ ಬಂತು. ದೆಹಲಿಯಲ್ಲಿ ಈ ತಂಡ ನುಡಿಸುವುದು ಗೊತ್ತಾದರೆ ಸಾಕು, ಇವರು ಕಚೇರಿಯಿಂದಲೇ ನೇರ ಬರುವರು, ನಾನು ಮನೆಯಿಂದ ಮೊಸರನ್ನದ ಡಬ್ಬಿ ತರುವೆ. ಮದುವೆಯ ಮೊದಲ ದಿನಗಳಲ್ಲಿ ಮಾತಿಲ್ಲದೆ ಕೂತಿದ್ದ ನಾವು ಮಾತಾಡಲು ಕಲಿತದ್ದೇ ಇವರ ಹಾಡಿನ ಮೇಲೆ ಜಗಳವಾಡುತ್ತ.

2009ರ ಡಿಸೆಂಬರ್ 25ರಂದು ಅಸೀಮ್ ಹೃದಯದ ಕಾಯಿಲೆಯಿಂದ ತೀರಿಕೊಂಡರು. ವಯಸ್ಸು ಐವತ್ತನ್ನು ದಾಟಿ ಹೆಚ್ಚು ದಿನವಾಗಿರಲಿಲ್ಲ. ಇವರು ಪತ್ರಿಕೆ ಮಡಿಚಿಟ್ಟು, “ಮುಗಿಯಿತು” ಎಂದರು. ಅಷ್ಟೆ.

ಪೂರ್ತಿ ಮುಗಿದಿರಲಿಲ್ಲ. ತಂಡದವರು ಕರೋಲ್‌ಬಾಗಿನ ಹಳೆಯ ಮನೆಯೊಂದರಲ್ಲಿ ಅಭ್ಯಾಸ ಮಾಡುತ್ತಿದ್ದರು. ಆ ವಿಳಾಸವನ್ನೇ ಹೆಸರಾಗಿಟ್ಟು ‘16/330 ಖಜೂರ್ ರೋಡ್’ ಎಂದು 2010ರಲ್ಲಿ ತಿಂಗಳಿಗೊಂದರಂತೆ ಹಾಡುಗಳನ್ನು ಅಂತರಜಾಲದಲ್ಲಿ ಬಿಟ್ಟಿ ಹಂಚಿದರು. ಅವುಗಳಲ್ಲಿ ಅಸೀಮರ ದನಿಯಿತ್ತು. ಸತ್ತವರ ಕಾಗದ ತಿಂಗಳಿಗೊಂದು ಬಂದ ಹಾಗೆ. ಪ್ರತಿಯೊಂದನ್ನೂ ಇವರು ಒಂದೇ ಸಲ ಕೇಳಿದರು. ಎರಡನೆಯ ಸಲ ಹಾಕಿದರೆ ಎದ್ದು ಹೋಗುತ್ತಿದ್ದರು. ಆ ವರ್ಷವೇ ಜೈದೀಪ್ ವರ್ಮಾ ಅವರ ‘ಲೀವಿಂಗ್ ಹೋಮ್’ ಚಿತ್ರ ಬಂತು, ಈ ತಂಡದ ಮೇಲೆಯೇ ತೆಗೆದದ್ದು. ಮುಂದೆ ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ನಾನು ಮಗಳೊಡನೆ ನೋಡಿ ಬಂದೆ. 2013ರಲ್ಲಿ ಸುಸ್ಮಿತರೂ ತಂಡ ಬಿಟ್ಟರು. ಹೊಸಬರು ಬಂದರು: ತಬಲಾಕ್ಕೆ ತುಹಿನ್ ಚಕ್ರವರ್ತಿ, ಹಾಡಿಗೆ ಹಿಮಾಂಶು ಜೋಶಿ, ಗಿಟಾರಿಗೆ ನಿಖಿಲ್ ರಾವ್. 2014ರಲ್ಲಿ ‘ತಂದಾನು’ ಬಂತು. ನಮ್ಮ ಜನಪದರ ಪಲ್ಲವಿಯ ಹಾಗೆ ಕೇಳಿಸುವ ಹೆಸರು. ಅದನ್ನು ನಾನು ಅಡಿಗೆಮನೆಯಲ್ಲಿ ಒಬ್ಬಳೇ ಕೇಳಿದೆ.

“ಅಸೀಮನಿಲ್ಲದ ಮೇಲೆ ಅದು ಮೇಳವಲ್ಲ, ಬರೀ ಬೋರ್ಡು” ಎಂದು ಇವರ ತೀರ್ಪು.

“ನಿಮ್ಮ ಊರಿನಲ್ಲಿ ಭಾಗವತರು ಹೋದರೆ ಮೇಳದ ಗಣಪತಿ ಪೆಟ್ಟಿಗೆಯನ್ನು ಹೊಳೆಗೆ ಹಾಕುತ್ತಾರೇನ್ರೀ?” ಎಂದೆ.

“ಅಲ್ಲಿ ಪ್ರಸಂಗ ಎಲ್ಲರ ಸೊತ್ತು. ಯಾರು ಬೇಕಾದರೂ ಹಾಡಬಹುದು. ಇಲ್ಲಿ ಪ್ರಸಂಗ ಕಟ್ಟಿದವರೇ ಈ ನಾಲ್ಕು ಜನ. ಅದರಲ್ಲಿ ಒಬ್ಬ ಸತ್ತ, ಒಬ್ಬ ಬಿಟ್ಟ.”

ಮಾತು ಸುಳ್ಳಲ್ಲ. ಉತ್ತರ ಹೊಳೆಯಲು ನನಗೆ ವರ್ಷಗಳೇ ಬೇಕಾದವು. ‘ಕಂದೀಸಾ’ವನ್ನು ಇವರು ಕಟ್ಟಿದರೆ? ಎಷ್ಟೋ ತಲೆಮಾರು ಮಲಯಾಳದ ಇಗರ್ಜಿಗಳಲ್ಲಿ ಹಾಡಿಕೊಂಡು ಬಂದದ್ದು. ‘ಮಾ ರೇವಾ’ ಹೊಳೆದಂಡೆಯವರದ್ದು, ‘ಝೀನಿ’ ಕಬೀರರದ್ದು. ಹಾಡಿದವರು ಹೋದರು, ಹಾಡು ಕೈಯಿಂದ ಕೈಗೆ ಬಂತು. ಇದನ್ನು ಹೇಳಿದಾಗ ಇವರು ಉತ್ತರ ಕೊಡದೆ ತುಳಸಿಗೆ ನೀರು ಹಾಕಲು ಹೋದರು. ನಾನು ಆಗಲೇ ಹಾಕಿದ್ದೆ.

ಅವರ ದುಃಖ ಅಸೀಮರೊಬ್ಬರದೇ ಎಂದು ನಾನು ತಿಳಿದದ್ದು ನನ್ನ ತಪ್ಪು. ನಮ್ಮ ಮಾವನವರು ಹವ್ಯಾಸಕ್ಕೆ ಮದ್ದಳೆ ಬಾರಿಸುತ್ತಿದ್ದರು. ಅವರು ಹೋದದ್ದೂ 2009ರಲ್ಲಿಯೇ, ದೀಪಾವಳಿಗೆ ಮೊದಲು. ದೆಹಲಿಯಿಂದ ಹೊರಟು ಇವರು ಮನೆ ಸೇರುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಊರಿನಲ್ಲಿ ತಂದೆಯ ಮದ್ದಳೆಯನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು. ಇವರು ಅದನ್ನು ಕೇಳಲೂ ಇಲ್ಲ, ಆ ಮಾತನ್ನು ನನಗೆ ಹೇಳಲೂ ಇಲ್ಲ. ನನಗೆ ತಿಳಿದದ್ದು ಮೈದುನನಿಂದ, ಬಹಳ ವರ್ಷಗಳ ಮೇಲೆ. ಮಂಡಿ ಹೌಸಿನಲ್ಲಿ ಇವರು ಗಿಟಾರಿನ ಕಡೆ ನೋಡದೆ ತಬಲಾದ ಕೈಗಳನ್ನೇ ನೋಡುತ್ತಿದ್ದದ್ದು ಆಗ ನೆನಪಾಯಿತು. ಆಮೇಲೆ ನಾನು ವಾದ ಮಾಡುವುದನ್ನು ಬಿಟ್ಟೆ.

2023ರಲ್ಲಿ ಈ ತಂಡದ ‘ತೂ ಹೈ’ ಬಂತು. ಪುಣೆಯಲ್ಲಿರುವ ಮಗಳು ಕಳೆದ ಚಳಿಗಾಲದಲ್ಲಿ ಕೇಳದೆಯೇ ಎರಡು ಟಿಕೆಟ್ಟು ಕಳಿಸಿದಳು. “ರಾತ್ರಿ ಹೊತ್ತು ನೀನೊಬ್ಬಳೇ ಹೇಗೆ ಹೋಗುತ್ತೀಯೆ, ಜೊತೆಗೆ ಬರುತ್ತೇನೆ” ಎಂದು ಇವರು ಮಫ್ಲರ್ ಸುತ್ತಿಕೊಂಡರು. ಇಷ್ಟು ವರ್ಷ ನಾನೊಬ್ಬಳೇ ಹೋಗಿ ಬರುತ್ತಿದ್ದುದನ್ನು ನಾನೂ ನೆನಪಿಸಲಿಲ್ಲ. ಇವರು ಕೈಕಟ್ಟಿ ಕೂತರು. ಮೊದಲ ಮೂರು ಹಾಡಿಗೆ ಚಪ್ಪಾಳೆಯಿಲ್ಲ. ‘ಕಂದೀಸಾ’ ಬಂದಾಗ ನನಗೆ ಪಕ್ಕಕ್ಕೆ ತಿರುಗಲು ಧೈರ್ಯವಾಗಲಿಲ್ಲ. ಸುತ್ತಲಿನ ಹುಡುಗ ಹುಡುಗಿಯರೆಲ್ಲ ಹಾಡುತ್ತಿದ್ದರು. 2000ದಲ್ಲಿ ಅವರಲ್ಲಿ ಅನೇಕರು ಹುಟ್ಟಿರಲೂ ಇಲ್ಲ. ಸ್ವಲ್ಪ ಹೊತ್ತಿಗೆ ನನ್ನ ಕುರ್ಚಿಯ ಹಿಡಿಯ ಮೇಲೆ ಬೆರಳಿನ ಸದ್ದು. ತಾಳ ತಪ್ಪಿರಲಿಲ್ಲ.

ಹೊರಗೆ ಬಂದದ್ದೇ ತಡ, “ಲಯ ಕೊಂಚ ಓಡಿತು” ಎಂದರು. ಓಡಲಿಲ್ಲ ಎಂದೆ. “ಹಿಂದೆ ಇದನ್ನು ಇನ್ನೂ ನಿಧಾನವಾಗಿ ತೆಗೆಯುತ್ತಿದ್ದರು.” ಹಿಂದೆಯೂ ಹೀಗೆಯೇ ಇತ್ತು, ನಿಮಗೆ ವಯಸ್ಸಾಯಿತು ಎಂದೆ. ಮೆಟ್ರೋದಲ್ಲಿ ಈ ಚರ್ಚೆ ನಡೆದು, ಇಳಿಯಬೇಕಾದ ಸ್ಟೇಷನ್ನು ದಾಟಿ ಎರಡು ಸ್ಟೇಷನ್ನು ಮುಂದೆ ಹೋದೆವು.

ಮರುದಿನ ಅಟ್ಟದಿಂದ ಹಳೆಯ ಟೂ-ಇನ್-ಒನ್ ಇಳಿಸಿದರು. ಬೆಲ್ಟು ಹರಿದಿತ್ತು. ಕೆಂಪುಕೋಟೆಯ ಎದುರಿನ ಲಾಜಪತ್ ರಾಯ್ ಮಾರುಕಟ್ಟೆಗೆ ಹೋಗಿ ಅರ್ಧ ದಿನ ಹುಡುಕಿ ಹೊಸದನ್ನು ತಂದರು. ನಾನು ಪೆನ್ಸಿಲು ಹಿಡಿದು 1997ರ ಕ್ಯಾಸೆಟ್ಟನ್ನು ಸುತ್ತಿಕೊಟ್ಟೆ. ಟೇಪು ಸವೆದು ಗೊರಗೊರ ಎನ್ನುತ್ತಿತ್ತು. ಅದರ ನಡುವೆ ಅಸೀಮರ ಕೈ ಸ್ಪಷ್ಟವಾಗಿಯೇ ಕೇಳಿಸಿತು. ಇವರು ಬೆರಳೆತ್ತಿ, “ಈಗ, ಈಗ ಬರುತ್ತೆ, ಕೇಳು!” ಎಂದರು.

ಅದು ಇವರ ಕೆಮ್ಮೆಂದು ನಾನು ಇಂದಿಗೂ ಒಪ್ಪಿಲ್ಲ.